ಬೆಳ್ಳಿ ನಾಣ್ಯದ ಮೇಲಿನ ಚಕ್ರ

6 ಜನವರಿ 2025

ಹೊಸ ಡೈರಿಯಲ್ಲಿ ಐದು ಪುಟ ಖಾಲಿ ಬಿಟ್ಟಿದ್ದೇನೆ. ಬರೆಯುವಂಥದ್ದೇನೂ ನಡೆದಿರಲಿಲ್ಲ. ಇವತ್ತು ನಡೆಯಿತು.

ಮಧ್ಯಾಹ್ನ ಊಟ ಮುಗಿಸಿ ಕಾಲೇಜಿನ ನಾಣ್ಯದ ಕೋಣೆಗೆ ಹೋದರೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ನಮ್ಮ ಇತಿಹಾಸ ವಿಭಾಗದ ಅತಿಥಿ ಉಪನ್ಯಾಸಕಿ, ದುರ್ಗಾ ಎಂದು ಹೆಸರು, ನನ್ನ ಕುರ್ಚಿಯಲ್ಲಿ ಕೂತು ನನ್ನ ಚಕ್ರದ ನಾಣ್ಯವನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. ನಾನು ಬಂದದ್ದು ಗೊತ್ತಾದ ಮೇಲೂ ಎರಡು ಕ್ಷಣ ಕಣ್ಣು ತೆಗೆಯಲಿಲ್ಲ. ಆ ಎರಡು ಕ್ಷಣವನ್ನು ನಾನು ಮರೆಯುವವನಲ್ಲ.

"ಈ ನಾಣ್ಯ ಯಾಕ ಹೊರಗ ಬಂತು?" ಎಂದೆ.

"ಪಟ್ಟಿ ಮಾಡು ಅಂತ ನೀವ ಹೇಳಿದ್ರಲ್ರೀ ಸರ್."

ಪಟ್ಟಿ ಮಾಡಲು ಹೇಳಿದ್ದು ಮೂಲೆಯ ಕಪಾಟಿನ ಮಡಕೆ ಚೂರುಗಳನ್ನು. ಇಪ್ಪತ್ತೆಂಟು ವರ್ಷದಲ್ಲಿ ಆ ನಾಣ್ಯವನ್ನು ನನ್ನ ಹೊರತು ಯಾರೂ ಪೆಟ್ಟಿಗೆಯಿಂದ ತೆಗೆದಿಲ್ಲ. ಅತಿಥಿ ಎಂದ ಮೇಲೆ ಅತಿಥಿಯ ಹಾಗಿರಬೇಕು. ಬರಬೇಕು, ಪಾಠ ಮಾಡಬೇಕು, ಐದು ಗಂಟೆಗೆ ಕುಕ್ಕುವಾಡದ ಬಸ್ಸು ಹತ್ತಬೇಕು. ಕೀಲಿ ಇಸಿದುಕೊಂಡೆ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ರಾಜನ ಮೂಗು ಪೂರ್ತಿ ಸವೆದು ಹೋಗೈತೆ. ಚಕ್ರದ ಅಂಚು ಮಾತ್ರ ಇನ್ನೂ ಚೂಪು ಐತೆ. ಯಾಕ ಹಿಂಗೆ?"

ಉತ್ತರ 1997ರ ನನ್ನ ಲೇಖನದ ಎರಡನೆಯ ಪುಟದಲ್ಲಿದೆ. ಓದಿಕೊಳ್ಳಲಿ.

9 ಜನವರಿ

ಮಾರ್ಚ್ 22ಕ್ಕೆ ಹರಿಹರದಲ್ಲಿ ಇತಿಹಾಸ ಗೋಷ್ಠಿ. ಮುಖ್ಯ ಉಪನ್ಯಾಸ ನನ್ನದು. ಜೂನ್‌ನಲ್ಲಿ ನಿವೃತ್ತಿಯಾಗುವುದರಿಂದ ಅಂದೇ ಶಾಲು ಹೊದಿಸುತ್ತಾರಂತೆ. ಪೀಠಿಕೆಯನ್ನು ಇಲ್ಲೇ ಬರೆದು ನೋಡುತ್ತೇನೆ.

"ಟಂಕಸಾಲೆಯಿಂದ ಹೊರಬಿದ್ದ ನಾಣ್ಯದ ಬೆಲೆ ಅಲ್ಲಿಗೇ ನಿಶ್ಚಯವಾಯಿತು ಎಂದು ನಾವು ತಿಳಿದಿದ್ದೇವೆ. ರೋಮನ್ನರ ಲೆಕ್ಕ ಬೇರೆ ಇತ್ತು. ಜನರ ಕೈಯಲ್ಲಿ ಓಡಾಡುತ್ತಿದ್ದ ನಾಣ್ಯದ ಮೇಲೆ ಇನ್ನೊಂದು ಸಣ್ಣ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಇದೇ ಮೇಲ್ಮುದ್ರೆ. ಹೊಸ ಚಕ್ರವರ್ತಿ ಹಳೆಯವನ ನಾಣ್ಯಕ್ಕೆ ತನ್ನ ಹೆಸರು ಒತ್ತಿ, ಇದು ನನ್ನ ಕಾಲದಲ್ಲೂ ನಡೆಯುತ್ತದೆ ಎನ್ನುತ್ತಿದ್ದ. ಕ್ಲಾಡಿಯಸ್‌ನ ಕಾಲದ, ತೂಕ ಕಡಿಮೆಯಿದ್ದ ಹಿತ್ತಾಳೆ ನಾಣ್ಯಗಳಿಗೆ ಮೂರಕ್ಷರ ಒತ್ತಿ ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದೂ ಉಂಟು."

ಇದಾದ ಮೇಲೆ ನನ್ನ ನಾಣ್ಯಕ್ಕೆ ಬರಬೇಕು. ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ, ಉಕ್ಕಡಗಾತ್ರಿಯ ಹೊಳೆಯಲ್ಲಿ ಸಿಕ್ಕಿದ್ದು. ಅವನ ಕೊರಳ ಪಕ್ಕದಲ್ಲಿ ಆರು ಕಡ್ಡಿಯ ಪುಟ್ಟ ಚಕ್ರ. ಅದರಲ್ಲಿ ಒಂದು ಕಡ್ಡಿ ನಡುವೆ ತುಂಡು. ರೋಮಿನಲ್ಲಿ ಅಂಥ ಮುದ್ರೆ ಇಲ್ಲ. ತುಂಗಭದ್ರೆಯ ದಂಡೆಯ ಯಾವನೋ ಅರಸ ಪರದೇಶದ ಬೆಳ್ಳಿಗೆ ತನ್ನ ಚಕ್ರ ಒತ್ತಿ ತನ್ನ ನಾಡಿನ ಬೆಲೆ ಕಟ್ಟಿದ ಎಂದು ಮೊದಲು ಹೇಳಿದವನು ನಾನು. 'ಹರಿಹರದ ಚಕ್ರಮುದ್ರೆ' ಎಂದು ಹೆಸರಿಟ್ಟವನೂ ನಾನೇ. ಆಮೇಲೆ ಬರೆದವರೆಲ್ಲ ಅದನ್ನೇ ಎತ್ತಿಕೊಂಡಿದ್ದಾರೆ, ಕೆಲವರು ನನ್ನ ಹೆಸರನ್ನು ಬಿಟ್ಟು.

17 ಜನವರಿ

ಸಿಟ್ಟಿಗೆ ಅಕ್ಷರ ಸೊಟ್ಟ ಬರುತ್ತಿವೆ.

ಆ ಹುಡುಗಿ ಇವತ್ತು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರು, ನನ್ನ ಟೇಬಲ್ಲಿನ ಮೇಲೆ ಒಂದು ಕರ್ಚೀಫು ಬಿಚ್ಚಿದಳು. ಒಳಗೆ ಒಂದು ಜೊತೆ ಬೆಳ್ಳಿಯ ಕಾಲ್ಕಡಗ.

"ನಮ್ಮವ್ವನವು ಸರ್. ತೊಂಬತ್ನಾಕನೇ ಇಸವಿಯಾಗೆ, ಮದುವಿಗೆ ಅಂತ ಚೌಕಿಪೇಟೆ ಬಜಾರಿನ ಬೆಳ್ಳಿ ಅಂಗಡ್ಯಾಗೆ ಮಾಡಿಸಿದ್ದು. ಸಂಕ್ರಾಂತಿಗೆ ತೊಳಿವಾಗ ಕಂಡ್ತು. ಒಳಮೈ ನೋಡ್ರಿ."

ನೋಡಬಾರದಿತ್ತು. ನೋಡಿದೆ. ಅಂಗಡಿಯವರು ತಮ್ಮ ಗುರುತು ಒತ್ತುವ ಜಾಗದಲ್ಲಿ ಆರು ಕಡ್ಡಿಯ ಚಕ್ರ. ಒಂದು ಕಡ್ಡಿ ನಡುವೆ ತುಂಡು.

"ಚಕ್ರ ಎಲ್ಲಾ ಕಡೆ ಇರ್ತತಮ್ಮ," ಎಂದೆ. "ಎತ್ತಿನ ಗಾಡ್ಯಾಗೂ ಐತೆ, ಬಾವುಟದಾಗೂ ಐತೆ. ನಾಳೆ ಅವನ್ನೂ ಕಟ್ಟಿಕೊಂಡು ಬರ್ತೀಯೇನು?"

"ಮುರಿದ ಕಡ್ಡಿನೂ ಎಲ್ಲಾ ಕಡೆ ಇರ್ತತೇನ್ರೀ ಸರ್?"

ಆಚೆ ಟೇಬಲ್ಲಿನಲ್ಲಿ ಕನ್ನಡ ವಿಭಾಗದವರು ಟೀ ಕುಡಿಯುತ್ತಿದ್ದರು. ಒಬ್ಬರು ಕೆಮ್ಮಿದರು. ಅದು ಕೆಮ್ಮಲ್ಲ, ನನಗೆ ಗೊತ್ತು.

ರೋಮಿನ ಚಕ್ರವರ್ತಿಯನ್ನು ತಂದು ತನ್ನವ್ವನ ಕಾಲಿಗೆ ಕಟ್ಟಿದ್ದಾಳೆ.

18 ಜನವರಿ

ನನ್ನ ಲೇಖನದ ಚಿತ್ರ ನೋಡಿ ಯಾರೋ ಆ ಕಡಗಕ್ಕೆ ಗುರುತು ಒತ್ತಿಸಿರಬೇಕು. ತೊಂಬತ್ನಾಲ್ಕು ಎಂಬುದೂ ಸುಳ್ಳಿರಬೇಕು. ಹಳ್ಳಿಯವರಿಗೆ ಇಸವಿ ಎಲ್ಲಿ ನೆನಪಿರುತ್ತದೆ!

24 ಜನವರಿ

ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿ ರೇವಣ್ಣನವರಿಗೆ ಅಕ್ಕಿ ಗಿರಣಿ ಇದೆ, ಇತಿಹಾಸ ಇಲ್ಲ. ಗಣರಾಜ್ಯೋತ್ಸವದ ತಯಾರಿ ಸಭೆ ಮುಗಿದ ಮೇಲೆ ಹೆಗಲ ಮೇಲೆ ಕೈಯಿಟ್ಟು, "ಏನ್ ಸರ್, ನಿಮ್ಮ ರಾಜನ ಚಕ್ರ ಚೌಕಿಪೇಟೆದಂತಲ್ರೀ?" ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಅಂದರೆ ವಿಷಯ ಕಾಲೇಜು ದಾಟಿದೆ.

ಮನೆಗೆ ಬಂದವನೇ ಕಾಗದ ತೆಗೆದುಕೊಂಡು ಬರೆದೆ: "ಸದರಿ ಅತಿಥಿ ಉಪನ್ಯಾಸಕಿಯವರು ಅನುಮತಿಯಿಲ್ಲದೆ ನಾಣ್ಯವನ್ನು ಹೊರತೆಗೆದಿದ್ದು, ಅವರ ಕೈಗೆ ಹೋದ ನಂತರ ನಾಣ್ಯದ ಮುಖದ ಮೇಲೆ ಒಂದು ಗೀರು ಕಂಡುಬಂದಿರುತ್ತದೆ. ಮುಂದಿನ ಕ್ರಮಕ್ಕಾಗಿ ತಮ್ಮ ಗಮನಕ್ಕೆ ತರಲಾಗಿದೆ."

ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಗೀರು ಇದೆ. ಅವಳ ಕೈಗೆ ಹೋದ ನಂತರ ನಾನು ನೋಡಿದಾಗಲೂ ಇತ್ತು. ಹಾಕಿದವರು ಯಾರೆಂದು ನಾನು ಬರೆದಿಲ್ಲ.

ಪ್ರೇಮಲತಾ ಟೀ ತಂದವಳು ನಿಂತೇ ಓದಿದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಬರೆದದ್ದನ್ನು ಓದದವಳು ಇದನ್ನು ಓದಬೇಕೇ?

"ಈ ಗೀರು ನೀವ ಹಾಕಿದ್ದಲ್ವ? ನಮ್ಮ ಅಡಿಗಿಮನ್ಯಾಗ ಹುಣಸಿಹಣ್ಣು ಹಚ್ಚಿ ತಿಕ್ಕಿ, ಆಮ್ಯಾಲೆ ನನ್ನ ಪಿನ್ನು ಇಸ್ಕಂಡು ಕೊಳೆ ಕೆರೆದ್ರಿ?"

"ನಾಣ್ಯದ ವಿಷಯದಾಗ ನೀನು ಬಾಯಿ ಹಾಕಬ್ಯಾಡ."

ಅವಳು ಕಪ್ಪು ಇಟ್ಟು ಒಳಗೆ ಹೋದಳು. ಕಾಗದ ನಾಳೆ ಹೋಗುತ್ತದೆ.

3 ಫೆಬ್ರುವರಿ

ಹೋದಳು. ಇವತ್ತಿನಿಂದ ಬರಬೇಡ ಎಂದು ದುರ್ಗಾಗೆ ಆಫೀಸಿನಿಂದಲೇ ಹೇಳಿದ್ದಾರೆ. ಹೊಸಬನೊಬ್ಬ ಆಗಲೇ ನೇಮಕವಾಗಿದ್ದಾನೆ. ರೇವಣ್ಣನವರ ಕಡೆಯ ಸಂಬಂಧವಂತೆ. ಅದು ನನಗೆ ಸೇರಿದ್ದಲ್ಲ.

ಗೇಟಿನ ಹತ್ತಿರ ಕಾದು ನಿಂತಿದ್ದಳು.

"ಆ ಗೀರು ನಾನು ಹಾಕಿದ್ದೇನ್ರೀ ಸರ್?"

"ನಾನು ಹಂಗಂತ ಬರ್ದಿಲ್ಲ."

"ಓದಿದವ್ರು ಹಂಗ ಓದಿದ್ರು."

"ಅದು ಓದಿದವರ ತಪ್ಪು."

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನನ್ನನ್ನು ಆವತ್ತು ನಾಣ್ಯ ನೋಡಿದ ಹಾಗೆ ನೋಡಿದಳು. "ಆರು ವರ್ಷ ಪಾಠ ಮಾಡೇನಿ ಇಲ್ಲಿ. ನೀವು ಒಂದು ಲೈನಿನಾಗೆ ಮುಗಿಸಿದ್ರಿ," ಎಂದು ಹೋದಳು.

ಗೆದ್ದ ದಿನ. ಕ್ಯಾಂಟೀನಿನ ಟೀ ಮಾತ್ರ ಕುಡಿಯಲಾಗಲಿಲ್ಲ. ಹಾಲು ಒಡೆದಿರಬೇಕು.

5 ಫೆಬ್ರುವರಿ

ನನ್ನ ಟೇಬಲ್ಲಿನ ಮೇಲೆ ಒಂದು ಜೆರಾಕ್ಸ್ ಹಾಳೆ. 1997ರ ನನ್ನ ಲೇಖನದಲ್ಲಿ ಅಚ್ಚಾದ ನಾಣ್ಯದ ಫೋಟೋ. ಟೈಬೀರಿಯಸ್‌ನ ಕೆನ್ನೆಯ ಮೇಲೆ ಕೆಂಪು ಪೆನ್ನಿನ ಸುತ್ತು. ಸುತ್ತಿನೊಳಗೆ ಗೀರು.

ಹೆಸರಿಲ್ಲ, ಒಂದು ಅಕ್ಷರವೂ ಇಲ್ಲ. ಇದೇ ಹಾಳೆಯನ್ನು ರೇವಣ್ಣನವರಿಗೂ ಕೊಟ್ಟಿದ್ದಳಂತೆ. ಅವರು ಮಡಚಿ ಜೇಬಿಗಿಟ್ಟುಕೊಂಡರಂತೆ. ಅಟೆಂಡರು ಹೇಳಿದ.

ಹರಿದು ಹಾಕಿದೆ. ಗೀರಿನ ಮಾತು ಬೇರೆ, ಚಕ್ರದ ಮಾತು ಬೇರೆ. ಚಕ್ರದಲ್ಲಿ ಅವಳ ಬಾಯಿ ಮುಚ್ಚಿಸಿದರೆ ಎಲ್ಲ ಮುಗಿಯುತ್ತದೆ. ಚೌಕಿಪೇಟೆಯಲ್ಲಿ ಆ ಕಾಲದ ಅಚ್ಚು ಕೆತ್ತುವವರು ಯಾರಾದರೂ ಉಳಿದಿದ್ದರೆ ಅವರ ಬಾಯಿಂದಲೇ, ಇದು ನಮ್ಮ ಕೆಲಸವಲ್ಲ ಎಂದು ಬರೆಸಿ ತರುತ್ತೇನೆ.

11 ಫೆಬ್ರುವರಿ

ಸಿಕ್ಕಿದ. ಹಿದಾಯತ್ ಎಂದು. ಪಾತ್ರೆ ಅಂಗಡಿಗಳ ಹಿಂದಿನ ಸಂದಿಯಲ್ಲಿ ನಾಲ್ಕಡಿಯ ಜಾಗ. ಪಾತ್ರೆಗೆ ಹೆಸರು ಹಾಕುತ್ತಾನೆ, ಬೆಳ್ಳಿ-ಬಂಗಾರದವರಿಗೆ ಉಕ್ಕಿನ ಅಚ್ಚು ಕೆತ್ತಿಕೊಡುತ್ತಾನೆ. ಅಪ್ಪನಿಂದ ಬಂದ ಕಸುಬು. ಈಗ ಎಲ್ಲ ಲೇಸರ್ ಆಗಿ ಕೆಲಸ ಕಡಿಮೆಯಂತೆ.

ನಾಣ್ಯದ ದೊಡ್ಡ ಫೋಟೋ ತೋರಿಸಿ ಕೇಳಿದೆ: "ಇದು ನಿಮ್ಮ ಬಜಾರಿನ ಕೆಲಸ ಅಲ್ಲ ಅಲ್ವ?"

ಅವನು ಕನ್ನಡಕ ಹಣೆಗೇರಿಸಿ ಫೋಟೋವನ್ನು ಮೂಗಿನ ಹತ್ತಿರ ಹಿಡಿದ. ಮುಖ ಅರಳಿತು.

"ಅರೆ, ಇದು ನನ್ನ ಕೈಯ್ಯೇ ಐತೆ ಸಾಬ್!"

"ಸರಿಯಾಗಿ ನೋಡು."

"ನೋಡೋದೇನೈತ್ರೀ? ನಾನು ಕಲಿವಾಗ ಕೆತ್ತಿದ್ದು. ಬೆಳ್ಳಿ ಅಂಗಡಿಯವ್ರಿಗೆ. ಕಾಸಿದ ಉಕ್ಕಿಗೆ ನೀರು ಕುಡಿಸಿದ್ದು ಹೆಚ್ಚಾಗಿ ಪೆಡಸಾಗಿ, ಮೂರನೇ ಏಟಿಗೆ ಒಂದು ಕಡ್ಡಿ ಹಾರಿ ಹೋತು. ನಮ್ಮ ಅಬ್ಬಾ ಕೆನ್ನೆಗೆ ಬಿಟ್ರು. ಅಂಗಡಿಯವ್ರು, ಇರ್ಲಿ ಬಿಡು, ಮುರಿದಿದ್ರೆ ಬೇರೆಯವ್ರು ನಕಲಿ ಮಾಡಾಕಾಗಲ್ಲ ಅಂತ ಅದನ್ನೇ ನಡೆಸಿದ್ರು. ಅವ್ರು ಅಂಗಡಿ ಮುಚ್ಚಿದ ಮೇಲೆ ವಾಪಸ್ ತಂದಿಟ್ಕಂಡೆ."

ತಗಡಿನ ಡಬ್ಬಿಯೊಂದನ್ನು ನೆಲದ ಮೇಲೆ ಸುರಿದ. ಕಿರುಬೆರಳಿನಷ್ಟುದ್ದದ ನೂರಾರು ಉಕ್ಕಿನ ಅಚ್ಚುಗಳು. ಹುಡುಕುತ್ತಾ ಹಾಡಿನ ಹಾಗೆ ಏನೋ ಗುನುಗುತ್ತಿದ್ದ. ನನಗೆ ಎದ್ದು ಹೋಗಬೇಕು ಎನ್ನಿಸಿತು. ಹೋಗಲಿಲ್ಲ. ಕೊನೆಗೆ ಒಂದು ಅಚ್ಚು ಆರಿಸಿ, ಸೀಸದ ತುಂಡಿನ ಮೇಲಿಟ್ಟು ಒಂದೇ ಏಟು ಹೊಡೆದು ಆ ಸೀಸವನ್ನು ನನ್ನ ಅಂಗೈಗೆ ಹಾಕಿದ.

ಆರು ಕಡ್ಡಿ. ಒಂದು ತುಂಡು. ತುಂಡಾದ ಕಡ್ಡಿಯ ಬುಡದಲ್ಲಿ ಒಂದು ಸಣ್ಣ ಚುಕ್ಕೆ. ಆ ಚುಕ್ಕೆ ನನ್ನ ನಾಣ್ಯದ ಮೇಲೂ ಇದೆ. ಅದನ್ನು ನಾನು 'ಸೂರ್ಯಬಿಂದು' ಎಂದು ಕರೆದಿದ್ದೇನೆ. ಅದರ ಬಗ್ಗೆ ಒಂದೂವರೆ ಪುಟ ಬರೆದಿದ್ದೇನೆ.

"ನಾಣ್ಯಕ್ಕೆ ಒತ್ತಿದ್ದು ನೆನಪೈತಾ?"

"ಐತ್ರೀ. ಒಂದೇ ಒಂದು. ಉಕ್ಕಡಗಾತ್ರಿ ಕಡೆಯಾತ. ಕೊಳ್ಳುವವ್ರು ಗುರುತು ಇದ್ದದ್ದೇ ಬೇಕಂತಾರೆ ಅಂದ." ಆಮೇಲೆ ನನ್ನ ಮುಖ ನೋಡಿದ. "ಯಾಕ ಸಾಬ್, ನೀರು ಕುಡೀತೀರಾ?"

12 ಫೆಬ್ರುವರಿ

ರಜೆ ಹಾಕಿದೆ.

15 ಫೆಬ್ರುವರಿ

ಏನೂ ಇಲ್ಲ. ಪ್ರೇಮಲತಾ ತಟ್ಟೆ ಇಟ್ಟು ಹೋಗುತ್ತಾಳೆ. ಅವಳಿಗೆ ಹೇಳಿಲ್ಲ. ಹೇಳಿದರೆ ಗೀರಿನ ಮಾತು ತೆಗೆಯುತ್ತಾಳೆ.

20 ಫೆಬ್ರುವರಿ

ಗೋಷ್ಠಿಯವರು ಆಹ್ವಾನ ಪತ್ರಿಕೆ ಕಳಿಸಿದ್ದಾರೆ. "ಹರಿಹರದ ಚಕ್ರಮುದ್ರೆ: ಪ್ರೊ. ಬಕ್ಕೇಶಪ್ಪ." ಒಳ್ಳೆಯ ಕಾಗದ, ಚಿನ್ನದ ಬಣ್ಣದ ಅಕ್ಷರ.

ಹಿದಾಯತ್ ಯಾರಿಗೂ ಹೇಳುವುದಿಲ್ಲ. ಅವನಿಗೆ ಇದರ ತಲೆಬುಡ ಗೊತ್ತಿಲ್ಲ. ಆ ಹುಡುಗಿಯ ಮಾತನ್ನು ಈಗ ಯಾರೂ ಕೇಳುವುದಿಲ್ಲ. ಮಾರ್ಚ್ 22 ಒಂದು ದಾಟಿದರೆ ಜೂನ್.

27 ಫೆಬ್ರುವರಿ

ಉಕ್ಕಡಗಾತ್ರಿಗೆ ಹೋಗಿ ಬಂದೆ. ಅಮಾವಾಸ್ಯೆ ಎಂಬುದು ತಲೆಯಲ್ಲಿರಲಿಲ್ಲ. ಹರಿಹರದಿಂದ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ಹೊಳೆಯ ದಂಡೆ ತುಂಬ ಒದ್ದೆ ಬಟ್ಟೆ, ಕರ್ಪೂರದ ಹೊಗೆ, ಕರಿಬಸವೇಶ್ವರನಿಗೆ ಹರಕೆ ಹೊತ್ತವರ ಕೂಗು.

ಉಚ್ಚೆಂಗಪ್ಪನನ್ನು ಕಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಕಾಲದಲ್ಲಿ ಅವನು ಭಕ್ತರು ಹೊಳೆಗೆ ಎಸೆದ ಚಿಲ್ಲರೆಯನ್ನು ಮರಳು ಜರಡಿ ಹಿಡಿದು ತೆಗೆಯುತ್ತಿದ್ದ. ಹಳೆಯದೇನಾದರೂ ಸಿಕ್ಕರೆ ನನ್ನ ಹತ್ತಿರ ತರುತ್ತಿದ್ದ. ಚಕ್ರದ ನಾಣ್ಯ ತಂದವನೂ ಅವನೇ. ಈಗ ಮಂಡಿ ಹೋಗಿವೆ. ಹಣ್ಣುಕಾಯಿ ಅಂಗಡಿ ಇಟ್ಟಿದ್ದಾನೆ. ನೋಡಿದ ತಕ್ಷಣ, "ಬರ್ರಿ ಸರ್, ಕೂಡ್ರಿ," ಎಂದು ತನ್ನ ಸ್ಟೂಲು ಬಿಟ್ಟುಕೊಟ್ಟ. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಚಕ್ರ ಒತ್ತಿಸಿ ನನ್ನ ತಲಿಗೆ ಕಟ್ಟಿದೆಯಲ್ಲೋ!"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕುಬಿಟ್ಟ.

"ಹೌದ್ರಿ. ಮೊದ್ಲು ತಂದಾಗ ಬರೇ ನಾಣ್ಯ ಇತ್ತು. ನೀವು ಬಿಸ್ಲಿಗೆ ಹಿಡಿದು ನೋಡಿ ವಾಪಸ್ ಕೊಟ್ರಿ. 'ಇಂಥವು ರಗಡ ಅದಾವು, ಮ್ಯಾಲೆ ಒಂದು ಮುದ್ರೆ ಬಿದ್ದಿದ್ರ ಅದರ ಬೆಲೀನೇ ಬ್ಯಾರೆ' ಅಂದ್ರಿ. ನಾನು ಹಾಕಿಸ್ಕಂಡು ಬಂದೆ."

"ಮೋಸ ಅಂತ ಗೊತ್ತಿರ್ಲಿಲ್ಲೇನು?"

"ಮೋಸ ಹೆಂಗಾಕ್ಕತ್ರೀ? ನೀವು ಕೇಳಿದ್ದ ಅದನ್ನ. ಆವತ್ತು ನೀವು ಎಷ್ಟು ಖುಷಿ ಆದ್ರಿ ಅಂದ್ರ, ನನಗೆ ಹೋಟ್ಲಿನಾಗೆ ಊಟ ಹಾಕಿಸಿದ್ರಿ. ನೆನಪಿಲ್ಲೇನು?"

ನೆನಪಿದೆ. ಊಟವೂ ನೆನಪಿದೆ. ನೆನಪಿರದೆ ಇದ್ದದ್ದು ಅದಕ್ಕೆ ಹಿಂದಿನ ತಿಂಗಳು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು, ಗಡಿಬಿಡಿಯಲ್ಲಿ, ಅದೇ ನಾಣ್ಯವನ್ನು ಅವನ ಕೈಗೆ ತಿರುಗಿ ಹಾಕಿದ್ದು ಈಗ ಕಣ್ಣಿಗೆ ಕಟ್ಟುತ್ತಿದೆ.

"ಹಂಗಾದ್ರ ನಾಣ್ಯನೂ ಎಲ್ಲಿಂದೋ ತಂದಿದ್ದೇನು?"

ಅವನ ನಗು ನಿಂತಿತು. "ಕರಿಬಸಜ್ಜನ ಆಣೆ ಸರ್. ನಾಣ್ಯ ಈ ಹೊಳ್ಯಾಗ ಸಿಕ್ಕಿದ್ದೇ. ಮೊದ್ಲ ಸಲಾನೇ ನೀವು ಹಂಗ ತಗಂಡಿದ್ರ ಆಗ್ತಿರ್ಲಿಲ್ವಾ?"

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಹರಿಹರದಲ್ಲಿ ಇಳಿಯುವುದನ್ನು ಮರೆತು ಡಿಪೋತನಕ ಹೋದೆ.

3 ಮಾರ್ಚ್

ರೇವಣ್ಣನವರ ಗಿರಣಿಗೆ ಹೋಗಿ, ನಾಣ್ಯದ ಮೇಲಿನ ಗೀರು ನನ್ನದೇ, 1997ರದ್ದು, ನನ್ನ ಪತ್ರದಿಂದ ಒಬ್ಬ ಉಪನ್ಯಾಸಕಿಗೆ ಅನ್ಯಾಯವಾಗಿದೆ, ಅದನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದ ಕಾಗದ ಕೊಟ್ಟೆ. ಅವರು ಓದಿ ಮತ್ತೆ ನನ್ನ ಕೈಗೇ ಕೊಟ್ಟರು.

"ಈಗ್ಯಾಕ್ರೀ ಇದೆಲ್ಲ? ಆ ಜಾಗ ತುಂಬಿ ಆತು. ನಾಕು ತಿಂಗಳಿಗೆ ರಿಟೈರ್ ಆಗೋರು ನೀವು. ಫೈಲಿನಾಗೆ ಇಂಥದ್ದು ಬಂದ್ರ ನಿಮಗೇ ಕೆಟ್ಟದ್ದು."

"ಆ ಫೋಟೋದ ಹಾಳೆ ನಿಮಗೂ ಕೊಟ್ಟಿದ್ದಳಲ್ಲ. ನೀವು ನೋಡಿದ್ರಾ?"

"ನೋಡಿದೆ."

"ನೋಡಿ?"

"ನೀವು ಬರಕೊಟ್ರಿ, ನಾವು ತೆಗದ್ವಿ. ಈಗ ನಮ್ಮ ಮ್ಯಾಲೆ ತರಬ್ಯಾಡ್ರಿ."

ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ನನ್ನ ಸಿಟ್ಟು ಅವರಿಗೆ ಅನುಕೂಲದ ಕಾಗದವಾಗಿತ್ತು, ಅಷ್ಟೇ. ಕಾಲೇಜಿಗೆ ಬಂದು ಅದೇ ಕಾಗದವನ್ನು ಆವಕ ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಬರೆಸಿಕೊಂಡೆ. ಫೈಲಿಗೆ ಹೋಗಲೇಬೇಕು.

ಸಂಜೆ ಪ್ರೇಮಲತಾಳಿಗೆ ಎಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿದಳು. "ಆ ಹುಡುಗಿಗೆ ಹೇಳಿದ್ರಾ?" ಎಂದಳು.

8 ಮಾರ್ಚ್

ದುರ್ಗಾ ಈಗ ಮಲೆಬೆನ್ನೂರಿನ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಮಾಡುತ್ತಿದ್ದಾಳೆ ಎಂದು ತಿಳಿದು ಹೋದೆ. ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಕೆಳಗೆ ಟ್ರ್ಯಾಕ್ಟರುಗಳ ಸದ್ದು. ತರಗತಿ ಮುಗಿಯುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದೆ. ಫ್ರೆಂಚ್ ಕ್ರಾಂತಿಯ ಪಾಠ. ಚೆನ್ನಾಗಿ ಮಾಡುತ್ತಾಳೆ, ಸ್ವಲ್ಪ ಬೇಗ ಬೇಗ.

ಹೊರಗೆ ಬಂದವಳು ನನ್ನನ್ನು ನೋಡಿ ನಿಂತಳು. ಸೀಸದ ತುಂಡನ್ನು ಮುಂದೆ ಹಿಡಿದೆ. ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದಳು. ಹಿದಾಯತ್ ಹೇಳಿದ್ದು, ಉಚ್ಚೆಂಗಪ್ಪ ಹೇಳಿದ್ದು, ಪತ್ರ ಹಿಂತೆಗೆದುಕೊಂಡದ್ದು, ಎಲ್ಲವನ್ನೂ ಅವಳ ಬೆನ್ನಿಗೆ ಹೇಳಿದೆ.

"ಕೆಲಸ ವಾಪಸ್ ಬರ್ತತೇನ್ರೀ?" ಎಂದು ತಿರುಗದೆ ಕೇಳಿದಳು.

"ಇಲ್ಲ."

"ಮತ್ಯಾಕ ಬಂದ್ರಿ?"

ಗೋಷ್ಠಿಯಲ್ಲಿ ನನ್ನ ಲೇಖನ ತಪ್ಪೆಂದು ನಾನೇ ಓದಬೇಕೆಂದಿದ್ದೇನೆ, ಇಬ್ಬರ ಹೆಸರಿನಲ್ಲಿ ಎಂದು ಹೇಳಿ ಕರಡು ಕೊಟ್ಟೆ. ದುರ್ಗಾ ಅಲ್ಲೇ ಬೆಂಚಿನ ಮೇಲೆ ಕೂತು ಓದಿದರು. ನನಗೆ ಕೂಡ್ರಿ ಎನ್ನಲಿಲ್ಲ. ಕೆಂಪು ಪೆನ್ನು ತೆಗೆದು ಎರಡನೆಯ ಸಾಲಿಗೇ ಗೆರೆ ಹೊಡೆದರು.

"ತೂಕ ತಪ್ಪು. ಪಟ್ಟಿ ಮಾಡುವಾಗ ನಾನು ತೂಗಿದ್ದೆ. 3.16 ಅಲ್ಲ, 3.61. ಅಂಕಿ ತಿರುವು ಮುರುವು ಮಾಡೀರಿ. ತೊಂಬತ್ತೇಳರ ಲೇಖನದಾಗೂ ಹಂಗ ಐತೆ."

ಇಪ್ಪತ್ತೆಂಟು ವರ್ಷ ಆ ಅಂಕಿಯನ್ನು ಎಷ್ಟೋ ಜನ ನಕಲು ಮಾಡಿದ್ದಾರೆ. ಒಬ್ಬರೂ ತೂಗಿ ನೋಡಿರಲಿಲ್ಲ.

ಕೊನೆಯ ಪುಟಕ್ಕೆ ಬಂದು ನನ್ನ ಹೆಸರಿನ ಪಕ್ಕದಲ್ಲಿದ್ದ ತಮ್ಮ ಹೆಸರಿನ ಮೇಲೆ ಪೆನ್ನು ಇಟ್ಟರು. "ನನ್ನ ಹೆಸರು ನಿಮ್ಮ ಹೆಸರಿನ ಪಕ್ಕ ಬ್ಯಾಡ್ರಿ."

"ಹಂಗಾದ್ರ ನನ್ನದು ತೆಗೀರಿ," ಎಂದೆ.

"ತೆಗದು?"

"ನೀವ ಓದ್ರಿ. ನನ್ನ ಸಮಯದಾಗ."

ಕರಡನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಗೀರಿನ ವಿಷಯನೂ ಓದ್ತೀನಿ. ಕಾಗದದ ವಿಷಯನೂ. ನಿಮ್ಮ ವಯಸ್ಸು ನೋಡಿ ಬಿಡೋದಿಲ್ಲ."

"ಓದ್ರಿ."

ನಾನು ಮೆಟ್ಟಿಲಿಳಿಯುವಾಗ ಮೇಲಿನಿಂದ, "ಆ ಅಚ್ಚಿನ ಫೋಟೋ ಸರಿ ಬಂದಿಲ್ಲ, ಇನ್ನೊಂದು ಸಲ ತೆಗೀಬೇಕು," ಎಂದರು. ಸೊಕ್ಕು ಹಾಗೇ ಇದೆ.

13 ಮಾರ್ಚ್

ಅಚ್ಚಿನ ಫೋಟೋ ಮತ್ತೆ ತೆಗೆಸಿ ಕಳಿಸಿದೆ. ಬೆಳಕು ಎಡಗಡೆಯಿಂದ ಬೀಳಬೇಕಿತ್ತಂತೆ. ಮತ್ತೊಮ್ಮೆ ತೆಗೆಸಿದೆ. ಹಿದಾಯತ್‌ಗೆ ಸಂಭ್ರಮ. ಹರಿಹರಕ್ಕೆ ತಾನೂ ಬರುತ್ತಾನಂತೆ.

ಗೋಷ್ಠಿಯವರು ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿದರು. ಯಾವ ಕಾಲೇಜಿನಲ್ಲೂ ಇಲ್ಲದವರನ್ನು ಮುಖ್ಯ ಉಪನ್ಯಾಸಕ್ಕೆ ಹೇಗೆ ಕೂರಿಸುವುದು ಎಂದರು. ಹಾಗಾದರೆ ನಾನೂ ಬರುವುದಿಲ್ಲ ಎಂದೆ. ಒಪ್ಪಿದರು.

22 ಮಾರ್ಚ್

ಹರಿಹರ. ಎಂಬತ್ತು ಕುರ್ಚಿ, ಐವತ್ತು ಜನ. ನಾನು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಹಿದಾಯತ್, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ದುರ್ಗಾ ಇಪ್ಪತ್ತೈದು ನಿಮಿಷ ಮಾತಾಡಿದರು. ಕಾಗದ ನೋಡಲಿಲ್ಲ. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. "ಸವೆತವನ್ನು ಗಮನಿಸಿದ್ದರೆ ಇದು ಮೊದಲ ದಿನವೇ ತಿಳಿಯುತ್ತಿತ್ತು. ಬಕ್ಕೇಶಪ್ಪನವರು ತಮಗೆ ಬೇಕಾದದ್ದನ್ನು ನೋಡಿದರು," ಎಂದರು. ಗೀರಿನ ಭಾಗ ಬಂದಾಗ ನನ್ನ ಪತ್ರದ ಆ ಸಾಲನ್ನು ಹಾಗೇ ಓದಿದರು. ನನಗೆ ಬೆನ್ನ ಹಿಂದೆ ಐವತ್ತು ಜನರ ಕಣ್ಣು. ಎದ್ದು ಹೊರಗೆ ಹೋದರೆ ಸಾಕಿತ್ತು. ಕಾಲು ಏಳಲಿಲ್ಲ ಎಂದು ಬರೆಯಬಹುದು. ನಿಜವೆಂದರೆ ಅವರು ಮುಂದೇನು ಹೇಳುತ್ತಾರೆ ಎಂದು ಕೇಳಬೇಕಿತ್ತು. ಮುಂದಿನದು ನನಗೆ ಗೊತ್ತಿರದ ಮಾತು: ಚಕ್ರದ ಏಟು ಬಿದ್ದ ಜಾಗದ ಹಿಂಬದಿ ಕೂಡ ಚಪ್ಪಟೆಯಾಗಿದೆ, ಅಲ್ಲಿ ಹಳೆಯ ಕಪ್ಪು ಒಡೆದು ಒಳಗಿನ ಬೆಳ್ಳಿ ಕಾಣುತ್ತದೆ. ನಾನು ಹಿಂಬದಿಯನ್ನು ಹಾಗೆ ನೋಡಿಯೇ ಇರಲಿಲ್ಲ.

ಕೊನೆಗೆ ಹಿಂದಿನಿಂದ ಯಾರೋ, "ಮೂಲ ಲೇಖಕರು ಇಲ್ಲೇ ಇದ್ದಾರಲ್ಲ, ಏನಂತಾರೆ?" ಎಂದರು. ಎದ್ದು ನಿಂತೆ.

"ಅವರು ಹೇಳಿದ್ದು ಸರಿ. ನನ್ನದು ತಪ್ಪು. ಕಾಗದದ ವಿಷಯದಲ್ಲಿ ತಪ್ಪಲ್ಲ, ಅದು ಕೇಡು," ಎಂದೆ. ಇನ್ನೂ ಏನೋ ಹೇಳಬೇಕಿತ್ತು. ಕೂತುಬಿಟ್ಟೆ.

ಶಾಲನ್ನು ತಟ್ಟೆಯಲ್ಲಿಟ್ಟುಕೊಂಡು ನಿಂತಿದ್ದವರು ಏನು ಮಾಡಬೇಕೆಂದು ತಿಳಿಯದೆ, ಅದನ್ನು ಮತ್ತೆ ಒಳಗೆ ಒಯ್ದರು.

ಊಟದ ಸಾಲಿನಲ್ಲಿ ದುರ್ಗಾ ಬಂದು, "ಉಚ್ಚೆಂಗಪ್ಪನ ಫೋನ್ ನಂಬರ್ ಕೊಡ್ರಿ," ಎಂದರು. "ನಾಣ್ಯ ನಿಜ ಅಂದ್ರ, ಅದು ಸಿಕ್ಕ ಜಾಗ ನೋಡಬೇಕು."

"ನಾನೂ..."

"ನೀವು ಬರಾದು ಬ್ಯಾಡ್ರಿ."

ನಂಬರ್ ಕೊಟ್ಟೆ.

24 ಮಾರ್ಚ್

ನಾಣ್ಯದ ಪೆಟ್ಟಿಗೆಯ ಚೀಟಿ ಬದಲಿಸಿದೆ. "ಟೈಬೀರಿಯಸ್, ಬೆಳ್ಳಿ, 3.61 ಗ್ರಾಂ. ಉಕ್ಕಡಗಾತ್ರಿ ಹೊಳೆಯಲ್ಲಿ ಉಚ್ಚೆಂಗಪ್ಪನಿಗೆ ದೊರೆತದ್ದು. ಚಕ್ರ: ಹಿದಾಯತ್, 1996. ಗುರುತಿಸಿದವರು: ದುರ್ಗಾ, ಕುಕ್ಕುವಾಡ. ಗೀರು: ಬಕ್ಕೇಶಪ್ಪ."

ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಿಸಲಿಲ್ಲ. ರೇವಣ್ಣನವರ ಕಡೆಯ ಆ ಹೊಸ ಉಪನ್ಯಾಸಕ ಎಂಟು ಸಲ ನಮಸ್ಕಾರ ಮಾಡಿದ.

2 ಏಪ್ರಿಲ್

1996ರ ನನ್ನ ಟಿಪ್ಪಣಿ ಪುಸ್ತಕ ಸಿಕ್ಕಿತು. ಎರಡು ದಿನದಿಂದ ಅಟ್ಟ ಹುಡುಕುತ್ತಿದ್ದೆ. ಯಾಕೆಂದು ಪ್ರೇಮಲತಾ ಕೇಳಿದಳು. ಸುಮ್ಮನೆ ಎಂದೆ. ಅವಳೇ ಕುರ್ಚಿ ಹಿಡಿದುಕೊಂಡು ನಿಂತಳು.

6 ಏಪ್ರಿಲ್

ಮಧ್ಯಾಹ್ನ ಉಚ್ಚೆಂಗಪ್ಪನ ಫೋನು.

"ಆ ಮೇಡಂ ಬಂದಾರ್ರೀ ಸರ್. ಬೆಳಿಗ್ಗಿಂದ ಸ್ನಾನದ ಮೆಟ್ಲ ಹತ್ರ ಬಿಸ್ಲಾಗ ಓಡಾಡ್ತಾರೆ. ಎಲ್ಲಿ ಸಿಕ್ತು ಎಲ್ಲಿ ಸಿಕ್ತು ಅಂತ ಕೇಳ್ತಾರೆ. ನನಗೆಲ್ಲಿ ನೆನಪೈತ್ರೀ? ಇಲ್ಲೇ ಎಲ್ಲೋ ಅಂದೆ."

"ಏನಾದ್ರೂ ಸಿಕ್ತೇನು?"

"ಏನಿಲ್ಲ. ಒಂದ್ರೂಪಾಯಿ, ಎರಡ್ರೂಪಾಯಿ. ನಿಮ್ಮನ್ನೂ ಸ್ವಲ್ಪ ಬೈದ್ರು."

ಟಿಪ್ಪಣಿ ಪುಸ್ತಕ ಟೇಬಲ್ಲಿನ ಮೇಲೇ ಇತ್ತು. ಅವನು ಮೊದಲ ಸಲ ನಾಣ್ಯ ತಂದ ದಿನ ಹೇಳಿದ್ದನ್ನು ಆಗ ಒಂದು ಸಾಲಿನಲ್ಲಿ ಗೀಚಿಕೊಂಡಿದ್ದೆ. ಮುದ್ರೆಯ ಗುಂಗಿನಲ್ಲಿ ಆ ಸಾಲನ್ನು ಮತ್ತೆ ಓದಿರಲಿಲ್ಲ. ಆ ಜಾಗಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಓದಿ ಹೇಳಿದೆ: "ಮೆಟ್ಲ ಹತ್ರ ಅಲ್ಲ. ಮ್ಯಾಲೆ, ಹಳೇ ದೋಣಿ ಕಡವಿನ ಹತ್ರ. ದಂಡೆ ಕುಸಿದು ಹಳೇ ಕಾಲದ ಕೆಂಪು ಮಡಕೆ ಚೂರು ಎದ್ದಾವು ಅಂದಿದ್ದೆ ನೀನು. ಅದರ ಬುಡದಾಗೆ ಸಿಕ್ಕಿದ್ದು."

"ಹೌದ್ ನೋಡ್ರಿ!" ಎಂದ. "ಚೂರು ಈಗ್ಲೂ ಅದಾವು ಅಲ್ಲಿ. ಈಗ ಕರ್ಕಂಡು ಹೋಗ್ತೀನಿ."

"ಹೋಗು. ಬಿಸಿಲು ಐತೆ, ಅವರಿಗೆ ಒಂದು ಎಳನೀರು ಕೊಡು."

"ಆತ್ರೀ."

"ಉಚ್ಚೆಂಗಪ್ಪ, ಜಾಗ ನಾನು ಹೇಳ್ದೆ ಅನ್ನಬ್ಯಾಡ. ನಿನಗ ನೆನಪಾತು ಅನ್ನು."